ಹೊರಗೆ ಥಳಕು, ಒಳಗೆ ರಟ್ಟು

ಹದಿನೈದು ವರ್ಷ ಗೋಡೆಯ ಮೇಲಿದ್ದ ಒಂದು ಪೆನ್ಸಿಲ್ ಚಿತ್ರದ ಚೌಕಟ್ಟನ್ನು ಈಚೆಗೆ ಬಿಚ್ಚಿದೆ. ಗಾಜಿನ ಮೂಲೆಯಲ್ಲಿ ಸೇರಿಕೊಂಡಿದ್ದ ಸತ್ತ ಹುಳುವೊಂದನ್ನು ತೆಗೆಯುವುದಷ್ಟೇ ಉದ್ದೇಶವಾಗಿತ್ತು. ಬಿಚ್ಚಿದ ಮೇಲೆ ಹುಳು ಮರೆತೇಹೋಯಿತು. ಚಿತ್ರದ ನಾಲ್ಕೂ ಬದಿಗೆ, ಕಿಟಕಿಯಂತೆ ಕತ್ತರಿಸಿದ ರಟ್ಟಿನ ಅಂಚು ಕಾಗದವನ್ನು ಮುಟ್ಟುತ್ತಿದ್ದ ಕಡೆಯೇ, ಸ್ಕೇಲ್ ಇಟ್ಟು ಎಳೆದಂತೆ ಒಂದು ಕಂದು ಗೆರೆ. ಮೇಲ್ಭಾಗದಲ್ಲಿ ಎರಡು ಕಡೆ ಎಣ್ಣೆ ಬಿದ್ದಂತೆ ಹಳದಿ ಚೌಕಗಳು. ಅಲ್ಲಿ ಹಿಂದಿನಿಂದ ಟೇಪ್ ಅಂಟಿಸಲಾಗಿತ್ತು. ತಿರುಗಿಸಿ ನೋಡಿದರೆ ಕಾಗದದ ಬೆನ್ನಿನ ಮೇಲೆ ಉದ್ದುದ್ದ ಪಟ್ಟೆಗಳು. ಹಿಂಬದಿಗೆ ಒತ್ತಾಗಿ ಇಟ್ಟಿದ್ದ ಪ್ಯಾಕಿಂಗ್ ಪೆಟ್ಟಿಗೆಯ ರಟ್ಟಿನ ಏಣುಗಳು ಒಂದೊಂದಾಗಿ ಅಚ್ಚೊತ್ತಿದ್ದವು.

ಆ ಗೋಡೆಗೆ ಬಿಸಿಲು ಬೀಳುತ್ತಿರಲಿಲ್ಲ, ನೀರು ಸೋರಿರಲಿಲ್ಲ. ಕಾಪಾಡಲೆಂದು ಹಾಕಿಸಿದ ಚೌಕಟ್ಟೇ ಚಿತ್ರವನ್ನು ತಿಂದಿತ್ತು. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ.

ಹಾಗೆಂದು ಆ ಚೌಕಟ್ಟಿಗೆ ಕಡಿಮೆ ಖರ್ಚು ಮಾಡಿರಲಿಲ್ಲ. ಒಳ್ಳೆಯ ಮರ, ಕೆತ್ತನೆಯ ಅಂಚು, ಚಿನ್ನದ ಬಣ್ಣ ಎಲ್ಲವೂ ಇದ್ದವು. ಹಣವೆಲ್ಲ ಕಣ್ಣಿಗೆ ಕಾಣುವ ಕಡೆ ಹೋಗಿತ್ತು. ಕಾಗದಕ್ಕೆ ತಾಗುವ ವಸ್ತುಗಳು ಮಾತ್ರ ಆ ಹೊತ್ತಿಗೆ ಕೈಗೆ ಸಿಕ್ಕಂಥವು. ಅವುಗಳ ಬಗ್ಗೆ ನಾನು ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ಆದ್ದರಿಂದ ಈ ಬರಹ ಚೌಕಟ್ಟನ್ನು ಒಳಗಿನಿಂದ ಹೊರಕ್ಕೆ ನೋಡುತ್ತದೆ. ಚಿತ್ರಕ್ಕೆ ಅತಿ ಹತ್ತಿರದಲ್ಲಿರುವ ವಸ್ತುವಿಗೆ ಮೊದಲ ಗಮನ, ಮರಕ್ಕೆ ಕೊನೆಯದು. ಪ್ರತಿ ವಸ್ತುವಿಗೂ ಕೇಳಬೇಕಾದ ಪ್ರಶ್ನೆ ಎರಡೇ: ವರ್ಷಗಳು ಕಳೆದಂತೆ ಇದು ಏನನ್ನು ಹೊರಬಿಡುತ್ತದೆ? ನಾಳೆ ಬೇಡವೆನಿಸಿದರೆ ಚಿತ್ರಕ್ಕೆ ನೋವಾಗದಂತೆ ಇದನ್ನು ತೆಗೆಯಬಹುದೇ?

ಕಂದು ಗೆರೆ ಬಂದದ್ದು ಎಲ್ಲಿಂದ

ಹದಿನೈದನೇ ಶತಮಾನದಲ್ಲಿ ಅಚ್ಚಾದ ಪುಸ್ತಕಗಳ ಹಾಳೆಗಳು ಇಂದಿಗೂ ಬೆಳ್ಳಗೆ, ಗಟ್ಟಿಯಾಗಿ ಉಳಿದಿರುವುದುಂಟು. ನೂರು ವರ್ಷದ ಹಿಂದಿನ ಅಗ್ಗದ ಪುಸ್ತಕವಾದರೋ ಪುಟ ತಿರುವಿದರೆ ಅಂಚು ಹಪ್ಪಳದಂತೆ ಮುರಿಯುತ್ತದೆ. ಹಳೆಯದು ಗಟ್ಟಿ, ಹೊಸದು ಪುಡಿ ಎಂಬ ಈ ವಿಚಿತ್ರಕ್ಕೆ ಕಾರಣ ಕಚ್ಚಾವಸ್ತು. ಹಿಂದೆ ಯುರೋಪಿನಲ್ಲಿ ಕಾಗದವನ್ನು ಹತ್ತಿ ಮತ್ತು ನಾರುಬಟ್ಟೆಯ ಚಿಂದಿಗಳಿಂದ ಮಾಡುತ್ತಿದ್ದರು. ಅದು ಹೆಚ್ಚುಕಡಿಮೆ ಶುದ್ಧ ಸೆಲ್ಯುಲೋಸ್. 1840ರ ದಶಕದಲ್ಲಿ ಮರವನ್ನು ಅರೆದು ತಿರುಳು ಮಾಡುವ ವಿಧಾನ ಬಂದ ಮೇಲೆ ಕಾಗದ ಅಗ್ಗವಾಯಿತು, ಅದರ ಆಯುಷ್ಯವೂ ಅಗ್ಗವಾಯಿತು. ಮರದಲ್ಲಿ ಸೆಲ್ಯುಲೋಸ್ ಎಳೆಗಳನ್ನು ಒಟ್ಟಿಗೆ ಹಿಡಿದಿಡುವ ಲಿಗ್ನಿನ್ ಎಂಬ ಪದಾರ್ಥವಿದೆ. ಬೆಳಕು ಮತ್ತು ಗಾಳಿ ತಾಗಿದರೆ ಅದು ಹಳದಿಗಟ್ಟುತ್ತದೆ, ಆಮ್ಲವನ್ನೂ ಹುಟ್ಟಿಸುತ್ತದೆ. ಒಂದು ವಾರ ಬಿಸಿಲಲ್ಲಿ ಬಿಟ್ಟ ದಿನಪತ್ರಿಕೆಯ ಬಣ್ಣ ತಿರುಗುವುದು ಇದರಿಂದಲೇ.

ಇದಕ್ಕೂ ಮೊದಲೇ ಇನ್ನೊಂದು ಬದಲಾವಣೆ ಆಗಿತ್ತು. ಶಾಯಿ ಹರಡದಂತೆ ಕಾಗದಕ್ಕೆ ಬಿಗಿ ಕೊಡಲು ರಾಳ ಮತ್ತು ಪಟಿಕವನ್ನು ತಿರುಳಿನಲ್ಲೇ ಬೆರೆಸುವ ವಿಧಾನವನ್ನು ಜರ್ಮನಿಯ ಮೋರಿಟ್ಸ್ ಇಲಿಗ್ 1807ರಲ್ಲಿ ಪ್ರಕಟಿಸಿದ. ಪಟಿಕ ತೇವದ ಜೊತೆ ಸೇರಿದರೆ ಆಮ್ಲ. ಹೀಗೆ ಕಾಗದ ಹುಟ್ಟುವಾಗಲೇ ತನ್ನ ಶತ್ರುವನ್ನು ಹೊಟ್ಟೆಯಲ್ಲಿಟ್ಟುಕೊಂಡು ಹುಟ್ಟತೊಡಗಿತು.

ಸೆಲ್ಯುಲೋಸ್ ಎಂದರೆ ಸಕ್ಕರೆಯ ಅಣುಗಳು ಸಾಲಾಗಿ ಕೈಹಿಡಿದು ನಿಂತ ಉದ್ದ ಸರಪಳಿ. ಆಮ್ಲವು ತೇವದ ನೆರವಿನಿಂದ ಈ ಸರಪಳಿಯನ್ನು ನಡುನಡುವೆ ಕತ್ತರಿಸುತ್ತದೆ. ತುಂಡು ಚಿಕ್ಕದಾದಷ್ಟೂ ಕಾಗದ ಬಿರುಸು. ಕತ್ತರಿಸುವ ಕೆಲಸದಲ್ಲಿ ಆಮ್ಲ ಖರ್ಚಾಗುವುದಿಲ್ಲ. ಕತ್ತರಿಸಿದ ತುಂಡುಗಳು ಕೊಳೆಯುವಾಗ ಮತ್ತಷ್ಟು ಆಮ್ಲ ಹುಟ್ಟುತ್ತದೆ. ಬಡ್ಡಿಗೆ ಬಡ್ಡಿ ಬೆಳೆದಂತೆ ಮೊದಲ ವರ್ಷಗಳಲ್ಲಿ ಏನೂ ಕಾಣದು, ಆಮೇಲೆ ಎಲ್ಲವೂ ಒಟ್ಟಿಗೆ ಕಾಣುತ್ತದೆ.

ಚೌಕಟ್ಟಿನ ದೃಷ್ಟಿಯಿಂದ ಮುಖ್ಯವಾದದ್ದು ಮುಂದಿನ ಮಾತು. ಆಮ್ಲ ಇದ್ದಲ್ಲೇ ಇರುವುದಿಲ್ಲ. ತಾಗಿಕೊಂಡಿರುವ ಕಾಗದಕ್ಕೆ ಹರಿಯುತ್ತದೆ, ಆವಿಯಾಗಿ ಮುಚ್ಚಿದ ಜಾಗದಲ್ಲಿ ತುಂಬಿಕೊಳ್ಳುತ್ತದೆ. ಕಲಾವಿದ ನೂರಕ್ಕೆ ನೂರು ಹತ್ತಿಯ ಉತ್ತಮ ಕಾಗದದ ಮೇಲೆ ಜಲವರ್ಣ ಬರೆದಿದ್ದರೂ, ಪಕ್ಕದಲ್ಲಿ ಕೆಟ್ಟ ರಟ್ಟು ಕೂತರೆ ಅದರ ಗುಣ ಇದಕ್ಕೆ ಅಂಟುತ್ತದೆ. ನನ್ನ ಚಿತ್ರದ ಕಂದು ಗೆರೆ ಹೀಗೆ ಬಂದದ್ದು: ರಟ್ಟನ್ನು ಓರೆಯಾಗಿ ಕತ್ತರಿಸಿದಾಗ ಅದರ ಒಳತಿರುಳು ತೆರೆದುಕೊಂಡಿತು, ಆಮ್ಲ ಅಲ್ಲಿಂದ ಇಳಿಯಿತು.

ಆಮ್ಲದ ಪ್ರಮಾಣವನ್ನು ಅಳೆಯುವ ಪಿಎಚ್ ಮಾಪಕದಲ್ಲಿ 7 ತಟಸ್ಥ. ಇದರ ಒಂದೊಂದು ಮೆಟ್ಟಿಲೂ ಹತ್ತು ಪಟ್ಟು. ಅಂದರೆ 5ರ ರಟ್ಟು 7ರ ರಟ್ಟಿಗಿಂತ ನೂರು ಪಟ್ಟು ಹೆಚ್ಚು ಆಮ್ಲೀಯ. ಎರಡೇ ಅಂಕೆಯ ವ್ಯತ್ಯಾಸ ತಾನೆ ಎಂದುಕೊಳ್ಳುವ ಹಾಗಿಲ್ಲ.

‘ಆಮ್ಲರಹಿತ’ ಎಂಬ ಲೇಬಲ್

ಚಿತ್ರದ ಸುತ್ತ ಕಿಟಕಿಯಂತೆ ಕತ್ತರಿಸಿ ಕೂರಿಸುವ ದಪ್ಪ ರಟ್ಟನ್ನು ಮೌಂಟ್ ಬೋರ್ಡ್ ಎನ್ನುತ್ತಾರೆ. ಅದು ಅಲಂಕಾರಕ್ಕೆ ಎಂದು ಹೆಚ್ಚಿನವರ ಎಣಿಕೆ. ಗಾಜು ಮತ್ತು ಚಿತ್ರದ ನಡುವೆ ಗಾಳಿಯಾಡುವಷ್ಟು ಜಾಗ ಬಿಡಿಸುವುದು ಅದರ ನಿಜವಾದ ಕೆಲಸ. ಚಿತ್ರಕ್ಕೆ ಎಲ್ಲಕ್ಕಿಂತ ಹೆಚ್ಚು ತಾಗಿಕೊಂಡಿರುವುದೂ ಅದೇ, ಮತ್ತು ಹಿಂದಿನ ಆಧಾರದ ರಟ್ಟು. ಆದ್ದರಿಂದ ಮೊದಲ ದುಡ್ಡು ಇಲ್ಲಿ ಬೀಳಬೇಕು.

ಮಾರುಕಟ್ಟೆಯಲ್ಲಿ ಎಲ್ಲದರ ಮೇಲೂ ‘ಆಮ್ಲರಹಿತ’, ‘ಆರ್ಕೈವಲ್’ ಎಂಬ ಮುದ್ರೆ ಇರುತ್ತದೆ. ಎರಡನೆಯ ಪದಕ್ಕಂತೂ ಗೊತ್ತಾದ ಅರ್ಥವೇ ಇಲ್ಲ. ಯಾರು ಯಾವುದರ ಮೇಲೆ ಬೇಕಾದರೂ ಬರೆದುಕೊಳ್ಳಬಹುದು. ಮೊದಲನೆಯದು ಸುಳ್ಳಲ್ಲ, ಆದರೆ ಅರ್ಧ ಸತ್ಯ. ಕಾರ್ಖಾನೆಯಿಂದ ಹೊರಬಂದ ದಿನ ಈ ರಟ್ಟಿನ ಪಿಎಚ್ 7ಕ್ಕಿಂತ ಕಡಿಮೆ ಇರಲಿಲ್ಲ ಎಂದಷ್ಟೇ ಅದು ಹೇಳುತ್ತದೆ. ಲಿಗ್ನಿನ್ ತುಂಬಿದ ಮರದ ತಿರುಳಿಗೆ ಸುಣ್ಣದ ಅಂಶ ಬೆರೆಸಿದರೂ ಆ ದಿನದ ಮಟ್ಟಿಗೆ ಅದು ಆಮ್ಲರಹಿತವೇ. ಲಿಗ್ನಿನ್ ಮಾತ್ರ ಒಳಗೇ ಕೂತು ವರ್ಷಗಳುದ್ದಕ್ಕೂ ಆಮ್ಲ ಮಾಡುತ್ತಿರುತ್ತದೆ. ಬೆರೆಸಿದ ಸುಣ್ಣ ಮುಗಿದ ದಿನ ಹಳೆಯ ಕಥೆ ಮತ್ತೆ ಶುರು.

ಆದ್ದರಿಂದ ಕೇಳಬೇಕಾದದ್ದು ಲಿಗ್ನಿನ್ ಇದೆಯೇ ಎಂದು. ಅದಿಲ್ಲದ ರಟ್ಟುಗಳು ಎರಡು ಬಗೆ. ಒಂದು, ಮರದ ತಿರುಳಿನಿಂದ ಲಿಗ್ನಿನ್ ತೆಗೆದು ಶುದ್ಧಗೊಳಿಸಿದ, ಆಲ್ಫಾ ಸೆಲ್ಯುಲೋಸ್ ಎನ್ನುವ ವಸ್ತುವಿನಿಂದ ಮಾಡಿದ್ದು. ಇನ್ನೊಂದು, ಹತ್ತಿಯ ನಾರಿನಿಂದ ಮಾಡಿದ ರ‍್ಯಾಗ್ ಬೋರ್ಡ್. ಮ್ಯೂಸಿಯಂಗಳಲ್ಲಿ ಇದಕ್ಕೆ ಹೆಚ್ಚಿನ ಮರ್ಯಾದೆ. ನನ್ನ ಅಭಿಪ್ರಾಯದಲ್ಲಿ ಮನೆಯ ಗೋಡೆಯ ಚಿತ್ರಕ್ಕೆ ಒಳ್ಳೆಯ ಆಲ್ಫಾ ಸೆಲ್ಯುಲೋಸ್ ರಟ್ಟು ಧಾರಾಳವಾಗಿ ಸಾಕು. ಹತ್ತಿಯದ್ದೇ ಬೇಕೆಂದು ಹಟ ಹಿಡಿದು, ಅದು ದುಬಾರಿಯಾಯಿತೆಂದು ಹಿಂದಿನ ರಟ್ಟನ್ನು ಮಾಮೂಲಿಯದ್ದಕ್ಕೆ ಇಳಿಸಿದರೆ ಪ್ರಯೋಜನವಿಲ್ಲ. ಮುಂದೆ ಹಿಂದೆ ಎರಡೂ ಒಂದೇ ದರ್ಜೆಯವಾಗಿರಲಿ. ಸಾಮಾನ್ಯವಾದ ನಾಲ್ಕು ಪದರದ ಬೋರ್ಡ್ ಸುಮಾರು 1.5 ಮಿಲಿಮೀಟರ್ ದಪ್ಪವಿರುತ್ತದೆ. ದಪ್ಪ ಬಣ್ಣದ ಅಥವಾ ಅಲೆಅಲೆಯಾಗಿ ಏಳುವ ಕಾಗದಕ್ಕೆ ಎಂಟು ಪದರದ್ದು ಮೇಲು.

ಈ ರಟ್ಟುಗಳಿಗೆ ಸಾಮಾನ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್ ಬೆರೆಸಿರುತ್ತಾರೆ. ಸೀಮೆಸುಣ್ಣದ ಮೂಲವಸ್ತು ಇದೇ. ಹೊರಗಿನ ಗಾಳಿಯಿಂದ ಬರುವ ಆಮ್ಲವನ್ನು ಹೀರಿ ನಿರ್ವೀರ್ಯಗೊಳಿಸುವ ಈ ದಾಸ್ತಾನನ್ನು ಕ್ಷಾರ ಮೀಸಲು ಎನ್ನಬಹುದು. ಬಾಳಿಕೆಯ ಕಾಗದಕ್ಕೆಂದು ಇರುವ ಐಎಸ್‌ಒ 9706 ಎಂಬ ಅಂತರರಾಷ್ಟ್ರೀಯ ಮಾನದಂಡವು ಪಿಎಚ್ 7.5 ಮತ್ತು 10ರ ನಡುವೆ ಇರಬೇಕು, ಕನಿಷ್ಠ 2 ಪ್ರತಿಶತ ಕ್ಯಾಲ್ಸಿಯಂ ಕಾರ್ಬೊನೇಟ್‌ಗೆ ಸಮನಾದ ಮೀಸಲು ಇರಬೇಕು, ಲಿಗ್ನಿನ್‌ನಂಥ ಅಂಶಗಳು ತೀರ ಕಡಿಮೆ ಇರಬೇಕು ಎನ್ನುತ್ತದೆ. ಬರಿಯ ವಿಶೇಷಣಕ್ಕಿಂತ ಇಂಥ ಸಂಖ್ಯೆಗೆ ಬೆಲೆ ಹೆಚ್ಚು, ಏಕೆಂದರೆ ಸಂಖ್ಯೆಯನ್ನು ಪರೀಕ್ಷಿಸಬಹುದು.

ಕ್ಷಾರ ಎಲ್ಲರಿಗೂ ಒಗ್ಗುವುದಿಲ್ಲ ಎನ್ನುವುದನ್ನೂ ಇಲ್ಲೇ ಹೇಳಬೇಕು. 1842ರಲ್ಲಿ ಜಾನ್ ಹರ್ಷಲ್ ಕಂಡುಹಿಡಿದ ಸಯನೋಟೈಪ್ ಎಂಬ ನೀಲಿ ಛಾಯಾಚಿತ್ರ ವಿಧಾನದ ಬಣ್ಣ ಪ್ರಶ್ಯನ್ ನೀಲಿ. ಕ್ಷಾರ ತಗುಲಿದರೆ ಆ ನೀಲಿ ಮಾಸುತ್ತದೆ. ರೇಷ್ಮೆ ಮತ್ತು ಉಣ್ಣೆ ಸೆಲ್ಯುಲೋಸ್ ಅಲ್ಲ, ಪ್ರೋಟೀನ್. ಅವಕ್ಕೂ ಕ್ಷಾರ ಹಿತವಲ್ಲ. ಕಸೂತಿಯ ರೇಷ್ಮೆ ತುಂಡಿಗೆ, ಹಳೆಯ ನೀಲಿ ಪ್ರಿಂಟಿಗೆ ಕ್ಷಾರ ಬೆರೆಸದ, ತಟಸ್ಥವಾದ ಹತ್ತಿಯ ಬೋರ್ಡ್ ಕೇಳಿ ಪಡೆಯಬೇಕು. ಛಾಯಾಚಿತ್ರಗಳ ಸಮೀಪ ಇಡುವ ವಸ್ತುಗಳಿಗೆ ಪ್ರತ್ಯೇಕ ಪರೀಕ್ಷೆಯೇ ಇದೆ, ಐಎಸ್‌ಒ 18916. ಬೆಳ್ಳಿಯ ಸೂಕ್ಷ್ಮ ಕಣಗಳಿರುವ ಪಟ್ಟಿಯನ್ನು ಆ ವಸ್ತುವಿಗೆ ಒತ್ತಿ 70 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, 86 ಪ್ರತಿಶತ ಆರ್ದ್ರತೆಯಲ್ಲಿ 15 ದಿನ ಇಡುತ್ತಾರೆ. ಪಟ್ಟಿ ಮಾಸಿದರೆ ಅಥವಾ ಕಲೆಯಾದರೆ ಆ ವಸ್ತು ನಪಾಸು. ಪಿಎಚ್ ಸರಿ ಇದ್ದೂ ಈ ಪರೀಕ್ಷೆಯಲ್ಲಿ ಸೋಲುವ ರಟ್ಟುಗಳಿವೆ. ಬಣ್ಣದಲ್ಲಿರುವ ಗಂಧಕದಂಥ ಅಂಶಗಳು ಪಿಎಚ್‌ನಲ್ಲಿ ಕಾಣುವುದಿಲ್ಲ.

ರಟ್ಟಿನ ಮೇಲೆ ಗೆರೆ ಎಳೆದು ಆಮ್ಲ ನೋಡುವ ಪೆನ್ನುಗಳು ಸಿಗುತ್ತವೆ. ಹಳದಿಯಾಗಿ ಉಳಿದರೆ ಆಮ್ಲೀಯ, ನೇರಳೆಗೆ ತಿರುಗಿದರೆ ಸರಿ. ಮನೆಯಲ್ಲಿ ಉಳಿದ ತುಂಡುಗಳನ್ನು ವಿಂಗಡಿಸಲು ಅವು ಉಪಯುಕ್ತ, ಆದರೆ ಮೇಲ್ಮೈ ಬಿಟ್ಟು ಬೇರೇನೂ ಹೇಳವು. ಆ ಪೆನ್ನನ್ನು ಚಿತ್ರದ ಕಾಗದದ ಮೇಲೆ ಮಾತ್ರ ಎಂದೂ ಪ್ರಯೋಗಿಸಬಾರದು, ಗೆರೆ ಹೋಗುವುದಿಲ್ಲ.

ಟೇಪ್ ಎಂಬ ಶತ್ರು, ಗಂಜಿ ಎಂಬ ಮಿತ್ರ

ಚೌಕಟ್ಟಿನೊಳಗೆ ಅತ್ಯಂತ ಅಗ್ಗದ ವಸ್ತು ಅಂಟು. ಅತ್ಯಂತ ಹೆಚ್ಚು ಹಾನಿ ಮಾಡುವುದೂ ಅದೇ.

ಒತ್ತಿದರೆ ಅಂಟುವ ಟೇಪಿನ ಜೀವನಚರಿತ್ರೆ ಹೀಗಿದೆ. ಮೊದಮೊದಲು ಅದು ಮೃದುವಾಗಿ, ಕಿತ್ತರೆ ಬರುವಂತೆ ಇರುತ್ತದೆ. ಕೆಲವು ವರ್ಷಗಳಲ್ಲಿ ಅಂಟು ಜಿನುಗಿ ಕಾಗದದ ನಾರಿನೊಳಗೆ ಇಳಿಯುತ್ತದೆ. ಎಣ್ಣೆ ಹೀರಿದಂತೆ ಕಾಗದ ಪಾರದರ್ಶಕವಾಗುತ್ತದೆ. ಆಮೇಲೆ ಗಾಳಿಯೊಂದಿಗೆ ವರ್ತಿಸಿ ಗಟ್ಟಿಯಾಗಿ, ಕಂದುಬಣ್ಣಕ್ಕೆ ತಿರುಗಿ, ಯಾವ ದ್ರಾವಕಕ್ಕೂ ಸುಲಭವಾಗಿ ಕರಗದ ಸ್ಥಿತಿಗೆ ಬರುತ್ತದೆ. ಅಷ್ಟರಲ್ಲಿ ಮೇಲಿನ ಪ್ಲಾಸ್ಟಿಕ್ ಪಟ್ಟಿ ತಾನೇ ಉದುರಿ ಬಿದ್ದಿರುತ್ತದೆ. ಹಿಡಿಯಬೇಕಾದ ಕೆಲಸ ಬಿಟ್ಟು ಕಲೆಯನ್ನು ಮಾತ್ರ ಉಳಿಸಿ ಹೋಗುವ ವಸ್ತು ಇದು. ಬಣ್ಣ ಬಳಿಯುವಾಗ ಅಂಚಿಗೆ ಹಚ್ಚುವ ಮಾಸ್ಕಿಂಗ್ ಟೇಪ್ ಇನ್ನೂ ಬೇಗ ಕೆಡುತ್ತದೆ. ‘ಆರ್ಕೈವಲ್ ಟೇಪ್’ ಎಂದು ಮಾರುವವುಗಳಲ್ಲಿ ಕೆಲವು ಇವಕ್ಕಿಂತ ವಾಸಿ. ಆದರೂ ಚಿತ್ರದ ಕಾಗದದ ಮೇಲೆ ಯಾವ ಒತ್ತು-ಟೇಪನ್ನೂ ನಾನು ಹಚ್ಚುವುದಿಲ್ಲ. ಎರಡು ರಟ್ಟುಗಳನ್ನು ಪುಸ್ತಕದಂತೆ ಒಂದಕ್ಕೊಂದು ಜೋಡಿಸಲು ಬೇಕಾದರೆ ನೀರು ಸವರಿ ಅಂಟಿಸುವ ಬಟ್ಟೆಯ ಪಟ್ಟಿ ಚೆನ್ನ.

ಚಿತ್ರವನ್ನು ಹಿಡಿಯಲು ಕಾಗದ-ಸಂರಕ್ಷಕರು ಬಳಸುವುದು ಜಪಾನೀ ಕಾಗದ ಮತ್ತು ಗೋಧಿಯ ಪಿಷ್ಟದ ಗಂಜಿ. ಕೋಜೊ ಎಂಬ ಗಿಡದ ಉದ್ದ ನಾರಿನಿಂದ ಮಾಡಿದ ಈ ಕಾಗದ ತೆಳುವಾಗಿದ್ದರೂ ಬಲವಾದದ್ದು. ಅದನ್ನು ಕತ್ತರಿಯಿಂದ ಕತ್ತರಿಸದೆ ನೀರಿನ ಗೆರೆ ಎಳೆದು ಹರಿಯುತ್ತಾರೆ. ಆಗ ಅಂಚಿನಲ್ಲಿ ನಾರುಗಳು ಗರಿಯಂತೆ ಬಿಡಿಸಿಕೊಂಡು, ಅಂಟಿಸಿದ ಕಡೆ ಏಣು ಮೂಡುವುದಿಲ್ಲ. ಗಂಜಿಗೆ ಒಂದು ಭಾಗ ಪಿಷ್ಟ, ನಾಲ್ಕೈದು ಭಾಗ ನೀರು. ಪಾರದರ್ಶಕವಾಗಿ ಗಟ್ಟಿಯಾಗುವವರೆಗೆ ಕೈಬಿಡದೆ ಕಲಕುತ್ತ ಬೇಯಿಸಿ, ಆರಿಸಿ, ಜರಡಿಯಲ್ಲಿ ಒತ್ತಿ ನಯ ಮಾಡಬೇಕು. ಇದು ಮೈದಾ ಅಂಟಲ್ಲ. ಮೈದಾದಲ್ಲಿ ಗ್ಲುಟೆನ್ ಎಂಬ ಪ್ರೋಟೀನ್ ಇದೆ. ಅದು ಹಳದಿಯಾಗುತ್ತದೆ, ಬಿರುಸಾಗುತ್ತದೆ, ಹುಳುಗಳನ್ನು ಕರೆಯುತ್ತದೆ. ಗ್ಲುಟೆನ್ ತೊಳೆದು ತೆಗೆದ ಬರೀ ಪಿಷ್ಟವೇ ಬೇಕು. ಬೇಯಿಸುವ ಗೋಜು ಬೇಡವೆನ್ನುವವರಿಗೆ ನೀರಿನಲ್ಲಿ ನೆನೆಸಿದರೆ ಸಾಕಾಗುವ ಮೀಥೈಲ್ ಸೆಲ್ಯುಲೋಸ್ ಇದೆ, ಹಿಡಿತ ಸ್ವಲ್ಪ ಕಡಿಮೆ. ಎರಡೂ ಬೇಡವೆನಿಸಿದ ದಿನ ಒದ್ದೆ ಹತ್ತಿಗೆ ಬಿಡಿಸಿಕೊಳ್ಳುತ್ತವೆ. ಚಿತ್ರಕ್ಕೆ ನೋವಾಗದಂತೆ ತೆಗೆಯಬಹುದೇ ಎಂಬ ಎರಡನೇ ಪ್ರಶ್ನೆಯನ್ನು ಮೊದಲಿಗೆ ಹೇಳಿದೆನಲ್ಲ, ಅದಕ್ಕೆ ಸಿಗಬಹುದಾದ ಅತ್ಯುತ್ತಮ ಉತ್ತರ ಇದು.

ಚಿತ್ರವನ್ನು ಹಿಂದಿನ ರಟ್ಟಿಗೆ ಹಿಡಿಸುವ ಈ ಕಾಗದದ ತುಂಡುಗಳೇ ಕೀಲುಗಳು. ಅವು ಮೇಲಿನ ಅಂಚಿನಲ್ಲಿ ಎರಡೇ ಇರಬೇಕು. ಇಲ್ಲಿ ಹೊಸಬರು ತಡವರಿಸುತ್ತಾರೆ: ನಾಲ್ಕೂ ಕಡೆ ಅಂಟಿಸಿದರೆ ಭದ್ರವಲ್ಲವೇ? ಕಾಗದ ಜೀವವಿರುವ ವಸ್ತುವಿನಂತೆ ವರ್ತಿಸುತ್ತದೆ; ತೇವ ಏರಿದಾಗ ಹಿಗ್ಗುತ್ತದೆ, ಇಳಿದಾಗ ಕುಗ್ಗುತ್ತದೆ. ನಾಲ್ಕೂ ಕಡೆ ಕಟ್ಟಿಹಾಕಿದರೆ ಹಿಗ್ಗಲು ಜಾಗವಿಲ್ಲದೆ ಉಬ್ಬುತ್ತದೆ, ಕುಗ್ಗುವಾಗ ಹರಿಯುತ್ತದೆ. ಮೇಲೆ ಮಾತ್ರ ಹಿಡಿದು ಕೆಳಗೆ ಬಿಟ್ಟರೆ ಒಣಹಾಕಿದ ಬಟ್ಟೆಯಂತೆ ನಿರಾಳವಾಗಿ ತೂಗುತ್ತದೆ. ಇನ್ನೊಂದು ಸೂಕ್ಷ್ಮ: ಕೀಲು ಯಾವಾಗಲೂ ಚಿತ್ರದ ಕಾಗದಕ್ಕಿಂತ ದುರ್ಬಲವಾಗಿರಬೇಕು. ಚೌಕಟ್ಟು ಕೆಳಗೆ ಬಿದ್ದರೆ ಏನಾದರೊಂದು ಹರಿಯಲೇಬೇಕು. ಅದು ಚಿತ್ರವಾಗುವ ಬದಲು ಕೀಲಾಗಲಿ.

ಅಂಟೇ ಬೇಡವೆಂದರೆ ಮೂಲೆಜೇಬುಗಳಿವೆ. ಹಳೆಯ ಆಲ್ಬಂಗಳಲ್ಲಿ ಫೋಟೋ ಸಿಕ್ಕಿಸುತ್ತಿದ್ದಂತೆ, ಪಾಲಿಯೆಸ್ಟರ್ ಹಾಳೆಯ ಅಥವಾ ಆಮ್ಲವಿಲ್ಲದ ಕಾಗದದ ನಾಲ್ಕು ತ್ರಿಕೋನಗಳನ್ನು ಹಿಂದಿನ ರಟ್ಟಿಗೆ ಅಂಟಿಸಿ ಚಿತ್ರವನ್ನು ಅದರೊಳಗೆ ಸಡಿಲವಾಗಿ ಕೂರಿಸುವುದು. ಛಾಯಾಚಿತ್ರಕ್ಕೆ, ಗಟ್ಟಿ ಕಾಗದದ ಚಿಕ್ಕ ಚಿತ್ರಕ್ಕೆ ನನ್ನ ಮೊದಲ ಆಯ್ಕೆ ಇದೇ. ದೊಡ್ಡ, ತೆಳು ಹಾಳೆ ಮಾತ್ರ ಜೇಬಿನಲ್ಲಿ ನಿಲ್ಲದೆ ಜೋತುಬೀಳುತ್ತದೆ.

ಶಾಖದಿಂದ ಅಂಟಿಸುವ ಡ್ರೈ ಮೌಂಟ್, ಸ್ಪ್ರೇ ಅಂಟು, ಲ್ಯಾಮಿನೇಶನ್ ಇವುಗಳ ಬಗ್ಗೆ ಒಂದೇ ಮಾತು. ಪೋಸ್ಟರಿಗೆ ಆಗಲಿ, ಮೂಲಚಿತ್ರಕ್ಕೆ ಬೇಡ.

ಗಾಜು ಮತ್ತು ಬೆಳಕು

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಕಟ್ಟಡದ ಊಟದ ಕೋಣೆಯಲ್ಲಿ 1964ರಲ್ಲಿ ಮಾರ್ಕ್ ರಾತ್ಕೊ ಬರೆದ ಐದು ಭಿತ್ತಿಚಿತ್ರಗಳನ್ನು ಇರಿಸಲಾಯಿತು. ಕೋಣೆಗೆ ದೊಡ್ಡ ಕಿಟಕಿಗಳಿದ್ದವು. ಕಲಾವಿದ ಬಳಸಿದ್ದ ಲಿಥೋಲ್ ರೆಡ್ ಎಂಬ ಕೆಂಪು ಬಣ್ಣ ಬೆಳಕಿಗೆ ತಡೆಯುವಂಥದ್ದಾಗಿರಲಿಲ್ಲ. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಕಡುಗೆಂಪು ಮಾಸಿ ಒಂದೊಂದು ಫಲಕ ಒಂದೊಂದು ಬಣ್ಣಕ್ಕೆ ತಿರುಗಿತ್ತು. 1979ರಲ್ಲಿ ಅವನ್ನು ಇಳಿಸಿ ಕತ್ತಲೆಯ ಕೋಣೆಗೆ ಸೇರಿಸಿದರು. 2014ರಲ್ಲಿ ಮತ್ತೆ ಪ್ರದರ್ಶಿಸಿದಾಗ ಮೂಲ ಬಣ್ಣ ಕಾಣಿಸಲು ಪ್ರೊಜೆಕ್ಟರಿನಿಂದ ಬಣ್ಣದ ಬೆಳಕನ್ನೇ ಚಿತ್ರಗಳ ಮೇಲೆ ಹಾಯಿಸಬೇಕಾಯಿತು. ಮಾಸಿದ ಬಣ್ಣವನ್ನು ಮರಳಿ ತರುವ ಮದ್ದು ಇಲ್ಲ. ವ್ಯಾನ್ ಗೋ 1890ರಲ್ಲಿ ಬರೆದ ಗುಲಾಬಿ ಹೂಗಳು ಇಂದು ಬಿಳಿಯಾಗಿ ಕಾಣುವುದೂ ಹೀಗೆಯೇ. ಅವು ಆಗ ಹೆಸರಿಗೆ ತಕ್ಕಂತೆ ಗುಲಾಬಿ ಬಣ್ಣದ್ದಾಗಿದ್ದವು.

ನೇರಳಾತೀತ ಕಿರಣ ಎಂದರೆ ಸುಮಾರು 400 ನ್ಯಾನೋಮೀಟರ್‌ಗಿಂತ ಚಿಕ್ಕ ಅಲೆಯುದ್ದದ, ಕಣ್ಣಿಗೆ ಕಾಣದ ಬೆಳಕು. ಸಾಮಾನ್ಯ ಗಾಜು ಇದರ ತೀಕ್ಷ್ಣ ಭಾಗವನ್ನು ತಡೆಯುತ್ತದೆ, ಆದರೆ ಸುಮಾರು 320ರಿಂದ 400ರವರೆಗಿನದ್ದನ್ನು ಬಹುಮಟ್ಟಿಗೆ ಒಳಬಿಡುತ್ತದೆ. ಸಂರಕ್ಷಣೆಗೆಂದು ಮಾಡಿದ ಗಾಜಿಗೆ ಲೇಪನ ಇರುತ್ತದೆ, 97ರಿಂದ 99 ಪ್ರತಿಶತ ನೇರಳಾತೀತವನ್ನು ತಡೆಯುತ್ತದೆ. ಇಷ್ಟು ಕೇಳಿದ ತಕ್ಷಣ ಕೊಳ್ಳುವವನ ಮನಸ್ಸಿನಲ್ಲಿ ‘99 ಪ್ರತಿಶತ ರಕ್ಷಣೆ’ ಎಂದು ಅಚ್ಚಾಗುತ್ತದೆ. ತಪ್ಪು ಆಗುವುದು ಅಲ್ಲಿ. ಕಾಣುವ ಬೆಳಕೂ ಬಣ್ಣ ಮಾಸಿಸುತ್ತದೆ. ಅದನ್ನು ಪೂರ್ತಿ ತಡೆದರೆ ಚಿತ್ರವೇ ಕಾಣುವುದಿಲ್ಲ. ಈ ಗಾಜು ಹಾಕಿಸಿ ಚಿತ್ರವನ್ನು ಧೈರ್ಯವಾಗಿ ಕಿಟಕಿಯೆದುರು ತೂಗುಹಾಕುವುದಕ್ಕಿಂತ, ಮಾಮೂಲಿ ಗಾಜು ಹಾಕಿ ನೆರಳಿನ ಗೋಡೆಯಲ್ಲಿ ಇಡುವುದು ಎಷ್ಟೋ ಮೇಲು.

ಬೆಳಕಿನ ಹಾನಿ ಲೆಕ್ಕದ ಪುಸ್ತಕದಂತೆ ಕೂಡುತ್ತ ಹೋಗುತ್ತದೆ. ಬೀಳುವ ಬೆಳಕನ್ನು ಅಳೆಯುವ ಮಾನ ಲಕ್ಸ್. 50 ಲಕ್ಸ್ ಬೆಳಕಿನಲ್ಲಿ ಹತ್ತು ಗಂಟೆ ಇದ್ದರೂ ಒಂದೇ, 500 ಲಕ್ಸ್‌ನಲ್ಲಿ ಒಂದು ಗಂಟೆ ಇದ್ದರೂ ಒಂದೇ. ಜಲವರ್ಣ, ರೇಷ್ಮೆ, ಹಳೆಯ ಮುದ್ರಣಗಳಿಗೆ ಮ್ಯೂಸಿಯಂಗಳು ಅನುಸರಿಸುವ ಮಿತಿ ಸುಮಾರು 50 ಲಕ್ಸ್, ತೈಲವರ್ಣಕ್ಕೆ ಸುಮಾರು 200. ಹಗಲಲ್ಲಿ ಕಿಟಕಿಯ ಪಕ್ಕದ ಗೋಡೆಯ ಮೇಲೆ ಬೀಳುವ ಬೆಳಕು ಇದರ ಹತ್ತಾರು ಪಟ್ಟು ಇರಬಹುದು. ಕೆಲವು ತಿಂಗಳು ತೂಗುಹಾಕಿ, ಆಮೇಲೆ ಒಳಗಿಟ್ಟು ಬೇರೊಂದನ್ನು ಹಾಕುವ ಪದ್ಧತಿ ಈ ಲೆಕ್ಕದಿಂದಲೇ ಬಂದದ್ದು. ಮಾರ್ಕರ್ ಮತ್ತು ಸ್ಕೆಚ್ ಪೆನ್ನಿನ ಚಿತ್ರಗಳನ್ನು ನೀಲಿ ಶಾಯಿಯ ಪತ್ರದಷ್ಟೇ ನಾಜೂಕು ಎಂದು ಭಾವಿಸಿ. ಮಕ್ಕಳು ಬರೆದ ಚಿತ್ರಗಳು ಬಹುಪಾಲು ಈ ಪೈಕಿ.

ಗಾಜೋ ಅಕ್ರಿಲಿಕ್ಕೋ ಎಂಬ ಚರ್ಚೆ ಮುಗಿಯುವಂಥದ್ದಲ್ಲ. ಅಕ್ರಿಲಿಕ್ ಹಾಳೆಯ ತೂಕ ಅದೇ ದಪ್ಪದ ಗಾಜಿನ ಅರ್ಧಕ್ಕಿಂತ ಕಡಿಮೆ. ಅದು ಚೂರುಚೂರಾಗುವುದಿಲ್ಲ, ದೊಡ್ಡ ಚಿತ್ರಕ್ಕೆ, ಸಾಗಿಸುವ ಚಿತ್ರಕ್ಕೆ ಅದೇ ಸರಿ. ಬೇಗ ಗೀರು ಬೀಳುತ್ತದೆ, ಅಮೋನಿಯಾ ಇರುವ ಗಾಜು-ಕ್ಲೀನರ್ ತಾಗಿದರೆ ಮಬ್ಬಾಗುತ್ತದೆ. ಶಾಖಕ್ಕೆ ಹಿಗ್ಗುವುದರಿಂದ ಚೌಕಟ್ಟಿನಲ್ಲಿ 2–3 ಮಿಲಿಮೀಟರ್ ಸಡಿಲ ಬಿಡಬೇಕು. ಒರೆಸಿದರೆ ಸ್ಥಾಯೀ ವಿದ್ಯುತ್ ಹುಟ್ಟುವುದು ಅದರ ದೊಡ್ಡ ದೋಷ. ಇದ್ದಿಲು ಅಥವಾ ಪೇಸ್ಟಲ್ ಚಿತ್ರದ ಮುಂದೆ ಮಾಮೂಲಿ ಅಕ್ರಿಲಿಕ್ ಇಟ್ಟರೆ ಪುಡಿಯೆಲ್ಲ ಮೆಲ್ಲಗೆ ಹಾರಿ ಹಾಳೆಗೆ ಅಂಟುತ್ತದೆ. ಅಂಥವಕ್ಕೆ ಗಾಜೇ ಗತಿ. ಯಾವುದನ್ನು ಹಾಕಿದರೂ ದ್ರವವನ್ನು ನೇರ ಅದರ ಮೇಲೆ ಸಿಂಪಡಿಸಬೇಡಿ, ಅಂಚಿನಿಂದ ಒಳಗಿಳಿಯುತ್ತದೆ. ಬಟ್ಟೆಗೆ ಹಾಕಿ ಒರೆಸಿ.

ಚಿತ್ರ ಗಾಜಿಗೆ ತಾಗಬಾರದು ಎಂಬ ನಿಯಮಕ್ಕೆ ವಿನಾಯಿತಿ ಇಲ್ಲ. ತಂಪಾದ ಗಾಜಿನ ಒಳಬದಿಯಲ್ಲಿ ತೇವ ಹನಿಗಟ್ಟುತ್ತದೆ. ಛಾಯಾಚಿತ್ರದ ಮೇಲ್ಪದರ ಜೆಲಟಿನ್. ತೇವಕ್ಕೆ ಮೆತ್ತಗಾಗಿ ಗಾಜಿಗೆ ಅಂಟಿ ಒಣಗಿದರೆ ಎರಡನ್ನೂ ಬೇರ್ಪಡಿಸಲು ಹೋದವರ ಕೈಗೆ ಮುಖವಿಲ್ಲದ ಫೋಟೋ ಸಿಗುತ್ತದೆ. ಮೌಂಟ್ ಬೋರ್ಡ್ ಬೇಡವೆಂದರೆ ಅಂಚಿನಲ್ಲಿ ಮರೆಯಾಗಿ ಕೂರುವ ಸಣ್ಣ ಪಟ್ಟಿಗಳನ್ನು ಗಾಜಿನಡಿ ಇಡಿಸಬಹುದು.

ಬೆನ್ನು ಮತ್ತು ಮರ

ಚೌಕಟ್ಟಿನ ಹಿಂಭಾಗಕ್ಕೆ ಪ್ಯಾಕಿಂಗ್ ರಟ್ಟು, ಹಾರ್ಡ್‌ಬೋರ್ಡ್, ಎಂಡಿಎಫ್ ಹಾಕುವುದು ರೂಢಿ. ಮೂರೂ ಬೇಡ. ಮರದ ಪುಡಿಯನ್ನು ರಾಳದಿಂದ ಒತ್ತಿದ ಹಲಗೆಗಳು ಫಾರ್ಮಿಕ್ ಮತ್ತು ಅಸಿಟಿಕ್ ಆಮ್ಲದ ಆವಿಯನ್ನು ಬಿಡುತ್ತಲೇ ಇರುತ್ತವೆ. ಅಸಿಟಿಕ್ ಎಂದರೆ ವಿನೆಗರ್‌ನ ಆಮ್ಲ. ಅವುಗಳ ಬದಲು ಲಿಗ್ನಿನ್ ಇಲ್ಲದ ಸುಕ್ಕುರಟ್ಟು ಅಥವಾ ಪಾಲಿಪ್ರೊಪಿಲೀನ್‌ನ ಪೊಳ್ಳು ಹಾಳೆ ಬಳಸಬಹುದು. ಸಾಮಾನ್ಯ ಫೋಮ್ ಬೋರ್ಡಿನ ನಡುವಿನ ನೊರೆ ಕಾಲಕ್ರಮದಲ್ಲಿ ಹಳದಿಗಟ್ಟಿ ಕುಸಿಯುತ್ತದೆ, ಹೊರಕಾಗದ ಆಮ್ಲೀಯವಾಗಿರುವುದೂ ಉಂಟು. ಪ್ಲಾಸ್ಟಿಕ್‌ಗಳಲ್ಲಿ ಪಾಲಿಯೆಸ್ಟರ್, ಪಾಲಿಎಥಿಲೀನ್, ಪಾಲಿಪ್ರೊಪಿಲೀನ್ ಸಜ್ಜನರು. ಪಿವಿಸಿ ದುರ್ಜನ: ಹಳೆಯದಾದಂತೆ ಹೈಡ್ರೋಕ್ಲೋರಿಕ್ ಆಮ್ಲ ಬಿಡುತ್ತದೆ, ಮೃದುತ್ವಕ್ಕೆ ಬೆರೆಸಿದ ಎಣ್ಣೆಯಂಥ ದ್ರವ ಜಿನುಗಿ ಚಿತ್ರಕ್ಕೆ ಹತ್ತುತ್ತದೆ. ಹೊಸ ಮಳೆಕೋಟಿನ ವಾಸನೆ ಬಂದರೆ ಅನುಮಾನಿಸಿ.

ವಾಸನೆಯನ್ನು ನಂಬುವುದು ನಗೆಪಾಟಲಿನ ಮಾತೇನಲ್ಲ. ಮ್ಯೂಸಿಯಂಗಳು ಮಾಡುವುದೂ ಒಂದರ್ಥದಲ್ಲಿ ಅದನ್ನೇ, ಮೂಗಿನ ಬದಲು ಲೋಹ ಬಳಸುತ್ತಾರೆ ಅಷ್ಟೆ. ಬ್ರಿಟಿಷ್ ಮ್ಯೂಸಿಯಂನ ಆಂಡ್ರ್ಯೂ ಆಡಿ 1973ರಲ್ಲಿ ರೂಪಿಸಿದ ಪರೀಕ್ಷೆಯೊಂದಿದೆ. ಅನುಮಾನದ ವಸ್ತುವಿನ ಜೊತೆ ಬೆಳ್ಳಿ, ತಾಮ್ರ, ಸೀಸದ ಒಂದೊಂದು ತುಂಡನ್ನು ಸ್ವಲ್ಪ ನೀರಿನೊಂದಿಗೆ ಗಾಜಿನ ಪಾತ್ರೆಯಲ್ಲಿ ಮುಚ್ಚಿ 60 ಡಿಗ್ರಿಯಲ್ಲಿ 28 ದಿನ ಇಡುವುದು. ಬೆಳ್ಳಿ ಕಪ್ಪಾದರೆ ಗಂಧಕ, ಸೀಸದ ಮೇಲೆ ಬಿಳಿ ಹುಡಿ ಬಂದರೆ ಮರದಿಂದ ಹೊಮ್ಮುವಂಥ ಆಮ್ಲ. ಓಕ್ ಮರದ ಗಟ್ಟಿತನ ಎಲ್ಲರಿಗೂ ಮೆಚ್ಚು. ಸೀಸದ ತುಂಡಿಗೆ ಅದು ಅಷ್ಟೇನೂ ಮೆಚ್ಚಲ್ಲ.

ಹಾಗೆಂದು ಮರದ ಚೌಕಟ್ಟನ್ನು ಬಿಡಬೇಕಿಲ್ಲ. ಗಾಜು ಮತ್ತು ರಟ್ಟು ಕೂರುವ ಒಳಗಿನ ತೋಡಿಗೆ ಅಲ್ಯುಮಿನಿಯಂ ಪೊರೆಯ ಪಟ್ಟಿ ಅಂಟಿಸಿದರೆ ಮರದ ಆವಿ ಒಳಗೆ ನುಸುಳುವುದಿಲ್ಲ. ಹಿಂದೆ ಧೂಳು ತಡೆಯಲು ಕಾಗದ ಮುಚ್ಚಿಸಿ. ಕೆಳಗಿನ ಎರಡು ಮೂಲೆಗೆ ಸಣ್ಣ ರಬ್ಬರ್ ಗುಂಡಿ ಹಚ್ಚಿದರೆ ಗೋಡೆಗೂ ಚೌಕಟ್ಟಿಗೂ ನಡುವೆ ಗಾಳಿ ಓಡಾಡುತ್ತದೆ. ಇಡೀ ಲೇಖನದಲ್ಲಿ ಅತ್ಯಂತ ಅಗ್ಗದ ಉಪಾಯ ಇದು, ಬೂಷ್ಟನ್ನು ದೂರವಿಡುವಲ್ಲಿ ಇದರ ಪಾಲು ದೊಡ್ಡದು. ಆರ್ದ್ರತೆ 65 ಪ್ರತಿಶತ ದಾಟಿ ಅಲ್ಲೇ ನಿಂತರೆ ಬೂಷ್ಟಿಗೆ ಹಬ್ಬ. ತೇವದ ಊರುಗಳಲ್ಲಿ ಗಾಜಿನಿಂದ ಬೆನ್ನಿನವರೆಗೆ ಅಂಚನ್ನು ಟೇಪಿನಿಂದ ಮುಚ್ಚಿ ಒಂದು ಪೊಟ್ಟಣ ಮಾಡುವುದುಂಟು. ಆ ಟೇಪ್ ಚಿತ್ರಕ್ಕೆ ತಾಗುವುದಿಲ್ಲವಾದ್ದರಿಂದ ತೊಂದರೆಯಿಲ್ಲ. ಒಳಗಿನ ಕಾಗದ, ರಟ್ಟು ಪೂರ್ತಿ ಒಣಗಿರುವಾಗಲೇ ಮುಚ್ಚಬೇಕು. ಇಲ್ಲದಿದ್ದರೆ ಕಳ್ಳನನ್ನು ಒಳಗಿಟ್ಟು ಬಾಗಿಲು ಹಾಕಿದ ಹಾಗೆ.

ಕ್ಯಾನ್ವಾಸಿನ ತೈಲವರ್ಣಕ್ಕೆ ಗಾಜು ಸಾಮಾನ್ಯವಾಗಿ ಬೇಕಿಲ್ಲ, ವಾರ್ನಿಷ್ ಆ ಕೆಲಸ ಮಾಡುತ್ತದೆ. ಮೇಲೆ ಒಣಗಿದಂತೆ ಕಂಡರೂ ಎಣ್ಣೆಬಣ್ಣ ಒಳಗೆ ಒಣಗಲು ತಿಂಗಳುಗಳು ಬೇಕು, ಅವಸರ ಬೇಡ. ಹಿಂದಿನಿಂದ ಒಂದು ರಕ್ಷಾಹಲಗೆಯನ್ನು ತಿರುಪುಮೊಳೆಯಿಂದ ಕೂರಿಸಿ. ಕ್ಯಾನ್ವಾಸಿಗೆ ತಾಗದಂತೆ ಇರಲಿ. ಚೌಕಟ್ಟಿಗೆ ಮೊಳೆ ಹೊಡೆದು ಬಿಗಿಯುವ ಬದಲು ಲೋಹದ ಪಟ್ಟಿ ತಿರುಗಿಸಿ ಹಿಡಿಸುವುದು ಲೇಸು.

ಎಲ್ಲವನ್ನೂ ಒಟ್ಟಿಗೆ ಮಾಡಿಸಲಾಗದಿದ್ದರೆ ಮೊದಲು ಅಂಟು, ಆಮೇಲೆ ಎರಡು ರಟ್ಟು, ಆಮೇಲೆ ಬೆನ್ನು, ಆಮೇಲೆ ಗಾಜು. ಮರ ಹಳೆಯದೇ ಇರಲಿ. ತೀರ ಬೆಲೆಬಾಳುವ ಅಥವಾ ನಾಜೂಕಿನ ಚಿತ್ರವಾದರೆ ಒಳ್ಳೆಯ ಸ್ಕ್ಯಾನ್ ಮಾಡಿಸಿ ಪ್ರತಿಯನ್ನು ಗೋಡೆಗೆ ಹಾಕಿ, ಮೂಲವನ್ನು ಆಮ್ಲವಿಲ್ಲದ ಪೆಟ್ಟಿಗೆಯಲ್ಲಿ ಮಲಗಿಸಿಡುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಹಳೆಯ ಚೌಕಟ್ಟು ಬಿಚ್ಚುವಾಗ

ಮುಖ ಕೆಳಗಾಗಿ ಮಲಗಿಸಿ, ಹಂತಹಂತವಾಗಿ ಫೋಟೋ ತೆಗೆಯುತ್ತ ಬಿಚ್ಚಿ. ಹಿಂದಿನ ಕಾಗದದ ಮೇಲೆ ಹೆಸರು, ಇಸವಿ, ಅಂಗಡಿಯ ಚೀಟಿ ಇರಬಹುದು. ಅದೂ ಚಿತ್ರದ ಚರಿತ್ರೆಯೇ, ಎಸೆಯಬೇಡಿ. ಟೇಪನ್ನು ಎಳೆಯಬೇಡಿ. ಅದರ ರಟ್ಟಿನ ಕಡೆಯ ಭಾಗವನ್ನು ಕತ್ತರಿಸಿ, ಕಾಗದದ ಮೇಲಿನ ತುಂಡನ್ನು ಸಂರಕ್ಷಕರಿಗೆ ಬಿಡಿ. ಬೂಷ್ಟು ಕಂಡರೆ ಒರೆಸಬೇಡಿ, ಮುಚ್ಚಿ ಬೇರೆ ಚಿತ್ರಗಳಿಂದ ದೂರವಿಡಿ. ಗಾಜಿಗೆ ಅಂಟಿದ ಚಿತ್ರವನ್ನು ಗಾಜಿನ ಸಮೇತ ತೆಗೆದುಕೊಂಡು ಹೋಗಿ.

ನನ್ನ ಪೆನ್ಸಿಲ್ ಚಿತ್ರ ಈಗ ಅದೇ ಹಳೆಯ ಮರದ ಚೌಕಟ್ಟಿನಲ್ಲಿದೆ. ರಟ್ಟುಗಳು ಹೊಸವು, ಮೇಲೆ ಎರಡು ಜಪಾನೀ ಕಾಗದದ ಕೀಲು. ಹಳದಿ ಚೌಕಗಳು ಹಾಗೇ ಉಳಿದಿವೆ. ಕಿಟಕಿಯನ್ನು ಈ ಸಲ ಅರ್ಧ ಸೆಂಟಿಮೀಟರ್ ಚಿಕ್ಕದಾಗಿ ಕತ್ತರಿಸಿಸಿದೆ. ಕಂದು ಗೆರೆ ಅದರಡಿಯಲ್ಲಿ ಅಡಗಿದೆ. ಹಿಂದಿನ ರಟ್ಟಿನ ಒಳಮೈಯಲ್ಲಿ ಯಾವ ಬೋರ್ಡ್, ಯಾವ ಅಂಟು, ಯಾವ ದಿನ ಎಂದು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ, ಮುಂದೆ ಬಿಚ್ಚುವವರಿಗೆ ಬೇಕಾದೀತು ಎಂದು.